ಫಿಲ್ಮ್ ಸ್ಕೂಲ್ ಸೇರುವ ಮುಂಚೆ ಯಾವ ಹಳೆ ಸಿನಿಮಾ ನೋಡಬೇಕು, ಹೇಗೆ ನೋಡಬೇಕು?

"ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಬೇಕು ಅಂತಿದ್ದೀನಿ ಸಾರ್. ಯಾವ ಕ್ಲಾಸಿಕ್ ಸಿನಿಮಾ ನೋಡಲಿ? ಒಂದು ಲಿಸ್ಟ್ ಕೊಡಿ." ಹಾಸನ, ಸಕಲೇಶಪುರ, ಕಡೂರು, ಮೂಡಿಗೆರೆ ಕಡೆಯ ಕಾಲೇಜು ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಕಳಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ನೂರು ಸಿನಿಮಾಗಳ ಲಿಸ್ಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ಹಿಡಿದು ಕೂತವರು ಆರನೇದಕ್ಕೋ ಏಳನೇದಕ್ಕೋ ಸುಸ್ತಾಗಿ ಬಿಡುತ್ತಾರೆ. ಬಿಡದೆ ನೂರೂ ನೋಡಿದವರನ್ನು ಕೇಳಿದರೆ ಕಥೆ ಹೇಳುತ್ತಾರೆ, ಸಿನಿಮಾ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಇಪ್ಪತ್ತೊಂದಕ್ಕೇ ನಿಲ್ಲಿಸಿದ್ದೇನೆ. ಅವಕ್ಕೆ ಒಂದು ಕ್ರಮ ಇದೆ. ಪ್ರತಿ ಹಂತಕ್ಕೂ ಒಂದೇ ಪ್ರಶ್ನೆ ಇದೆ. ಆ ಪ್ರಶ್ನೆ ಇಟ್ಟುಕೊಂಡು ನೋಡಿ. ವಾರಕ್ಕೆ ಒಂದು ಸಿನಿಮಾ ಸಾಕು. ಆದರೆ ಎರಡು ಸಲ ನೋಡಬೇಕು.

ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಜೊತೆ ಒಳ್ಳೆ ಇಯರ್‌ಫೋನ್. ಮೊಬೈಲಿಗಿಂತ ದೊಡ್ಡ ಪರದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮನೆಯ ಟಿವಿ ಆಗುತ್ತದೆ, ಕಾಲೇಜಿನ ಪ್ರೊಜೆಕ್ಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ನೋಡಿದರೆ ಕಥೆ ಗೊತ್ತಾಗುತ್ತದೆ. ಆದರೆ ಫ್ರೇಮಿನ ಹಿಂದುಗಡೆ, ದೂರದಲ್ಲಿ ನಡೆಯುವುದು ಕಾಣುವುದಿಲ್ಲ. ಈ ಸಿನಿಮಾಗಳಲ್ಲಿ ಮುಖ್ಯವಾದದ್ದು ಎಷ್ಟೋ ಸಲ ಹಿಂದುಗಡೆಯೇ ಇರುತ್ತದೆ.

ಮಲೆನಾಡಿನ ಕಡೆ ಇರುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ನೆಟ್‌ವರ್ಕೂ ನಮ್ಮ ಕೈಯಲ್ಲಿರುವುದಿಲ್ಲ. ಪೇಟೆಗೆ ಬಂದಾಗಲೇ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಅರ್ಧ ಸಿನಿಮಾ ಇವತ್ತು, ಉಳಿದದ್ದು ನಾಳೆ ಅಂತ ನೋಡಿದರೆ ಅದರ ಲಯವೇ ಹೋಗಿಬಿಡುತ್ತದೆ.

ಎಲ್ಲಿ ಸಿಗುತ್ತವೆ? ಹಳೆಯ ಮೂಕಿ ಚಿತ್ರಗಳು ಹಲವು ಹಕ್ಕುಸ್ವಾಮ್ಯದ ಅವಧಿ ಮುಗಿದವು. ಅವು ಇಂಟರ್ನೆಟ್ ಆರ್ಕೈವ್‌ನಲ್ಲಿ, ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದ ಹಳೆ ಸಿನಿಮಾಗಳನ್ನು ಯೂಟ್ಯೂಬಿನಲ್ಲಿ ಹುಡುಕುವಾಗ ಎಚ್ಚರ ಬೇಕು. ಕೆಲವು ಪ್ರತಿಗಳಲ್ಲಿ ಚಿತ್ರದ ಮೇಲೆ ಕೆಳಗೆ ಕತ್ತರಿಸಿ ಅಗಲ ಪರದೆಗೆ ಹೊಂದಿಸಿರುತ್ತಾರೆ. ತಲೆಗಳು ಕಟ್ ಆಗಿ ಕಂಡರೆ ಆ ಪ್ರತಿ ಬೇಡ. ಕಪ್ಪುಬಿಳುಪಿಗೆ ಬಣ್ಣ ಹಚ್ಚಿದ ಪ್ರತಿಯೂ ಬೇಡ. ಬೇರೆ ಭಾಷೆಯ ಚಿತ್ರಗಳನ್ನು ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಡಬ್ ಆದದ್ದನ್ನಲ್ಲ. ನಟರ ದನಿ ಹೋದರೆ ಅಭಿನಯದ ಅರ್ಧ ಹೋದ ಹಾಗೆ.

ನಾಲ್ಕು ಪದ ಗೊತ್ತಿರಲಿ. ಕ್ಯಾಮೆರಾ ಓಡಲು ಶುರುವಾಗಿ ನಿಲ್ಲುವ ತನಕದ ತುಂಡು ಶಾಟ್. ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಹೋಗುವ ಜಾಗ ಕಟ್. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುವ ಶಾಟ್‌ಗಳ ಗುಂಪು ಸೀನ್. ಪರದೆಯ ನಾಲ್ಕು ಅಂಚಿನೊಳಗೆ ಕಾಣುವುದು ಫ್ರೇಮ್. ಸದ್ಯಕ್ಕೆ ಇಷ್ಟು ಸಾಕು. ಉಳಿದವನ್ನು ಬಂದಲ್ಲೇ ಹೇಳುತ್ತೇನೆ.

ಹಂತ 1: ನಿಮ್ಮ ಕಡೆಯ ಕಥೆಯಿಂದ ಶುರು ಮಾಡಿ

ಬಹಳ ಜನ 'ಸಿಟಿಜನ್ ಕೇನ್'‌ನಿಂದ ಶುರು ಮಾಡುತ್ತಾರೆ. ಬೇಡ. ಅಮೆರಿಕದ ಪತ್ರಿಕೆ ಮಾಲೀಕನ ಬದುಕು, ಹೊಸ ಭಾಷೆ, ಹಳೆಯ ತಂತ್ರ, ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದರೆ ಏನನ್ನೂ ಗಮನಿಸಲು ಆಗುವುದಿಲ್ಲ. ಗೊತ್ತಿರುವ ಊರು, ಗೊತ್ತಿರುವ ಜನರ ಕಥೆ ಆದರೆ ನಿಮ್ಮ ಗಮನ ಅದನ್ನು ಹೇಳಿದ ರೀತಿಯ ಕಡೆ ಹೋಗುತ್ತದೆ.

ಅದಕ್ಕೆ ಮೊದಲ ಸಿನಿಮಾ 'ತಬರನ ಕಥೆ' (1986). ನಿರ್ದೇಶನ ಗಿರೀಶ ಕಾಸರವಳ್ಳಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಕಥೆ. ಮೊದಲು ಕಥೆ ಓದಿ. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ, ಲೈಬ್ರರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಓದಿ ಮುಗಿಸಿ, ಒಂದು ದಿನ ಬಿಟ್ಟು, ಸಿನಿಮಾ ನೋಡಿ.

ತಬರಶೆಟ್ಟಿ ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಾ ಬರುತ್ತದೆ. ಆ ಕಾಲನ್ನು ಕತ್ತರಿಸಿ ಕೊಡು ಅಂತ ಅವನು ಕಟುಕನ ಹತ್ತಿರ ಹೋಗಿ ಕೇಳುವ ಹಂತಕ್ಕೆ ಬರುತ್ತಾನೆ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಸ್ವರ್ಣ ಕಮಲ, ಅಂದರೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರದ ಪ್ರಶಸ್ತಿ ಬಂತು.

ಈ ಹಂತದ ಪ್ರಶ್ನೆ: ಕಥೆಯಲ್ಲಿ ಒಂದು ವಾಕ್ಯದಲ್ಲಿ ಮುಗಿದದ್ದು ಸಿನಿಮಾದಲ್ಲಿ ಎಲ್ಲಿ ಉದ್ದವಾಯಿತು? ಕಥೆಯಲ್ಲಿ ಪುಟಗಟ್ಟಲೆ ಇದ್ದದ್ದು ಎಲ್ಲಿ ಒಂದೇ ಶಾಟ್ ಆಯಿತು? ಎರಡು ಕಾಲಂ ಹಾಕಿ ಬರೆದುಕೊಳ್ಳಿ. ಕಚೇರಿಯ ಬಾಗಿಲು, ಮೇಜು, ಫೈಲುಗಳ ರಾಶಿ ತಬರನ ಎದುರು ಹೇಗೆ ನಿಲ್ಲುತ್ತವೆ ಅಂತ ನೋಡಿ. ಅವನು ಎಷ್ಟು ಸಣ್ಣವನಾಗಿ ಕಾಣುತ್ತಾನೆ? ತೇಜಸ್ವಿಯವರ ಕಥೆ ಅದನ್ನು ಮಾತಿನಲ್ಲಿ ಹೇಗೆ ಮಾಡುತ್ತದೆ?

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. "ಪುಸ್ತಕದಷ್ಟು ಚೆನ್ನಾಗಿಲ್ಲ" ಅಂತ ತೀರ್ಪು ಕೊಟ್ಟು ಕೂತುಬಿಡುವುದು. ತೀರ್ಪು ಆಮೇಲೆ. ಏನು ಬದಲಾಯಿತು, ಯಾಕೆ ಬದಲಾಗಿರಬಹುದು ಅನ್ನುವುದು ಮೊದಲು.

ಇದೇ ಕೆಲಸವನ್ನು ಇನ್ನೊಂದು ಸಲ ಮಾಡಬೇಕು ಅನ್ನಿಸಿದರೆ ಹಾಸನದವರಿಗೆ ಎರಡು ದಾರಿ ಇವೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯನ್ನು ಸಿದ್ದಲಿಂಗಯ್ಯನವರು 'ಭೂತಯ್ಯನ ಮಗ ಅಯ್ಯು' (1974) ಮಾಡಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಸೇರಿ ಚಿತ್ರ ಮಾಡಿದರು. ಮೊದಲನೆಯದು ಹಾಡು, ಹೊಡೆದಾಟ ಎಲ್ಲ ಇರುವ, ಜನ ಮುಗಿಬಿದ್ದು ನೋಡಿದ ಚಿತ್ರ. ಎರಡನೆಯದು ಬೇರೆಯದೇ ಧಾಟಿಯದು. ಎರಡನ್ನೂ ಗಂಭೀರವಾಗಿ ನೋಡಿ. ಕಮರ್ಷಿಯಲ್ ಅಂದರೆ ಕೀಳು, ಆರ್ಟ್ ಅಂದರೆ ಮೇಲು ಅನ್ನುವ ಭಾವನೆ ಇಟ್ಟುಕೊಂಡು ಹೋದರೆ ಸಿನಿಮಾ ಕಲಿಯುವುದು ಕಷ್ಟ.

ಹಂತ 2: ಎರಡನೇ ಸಲ ನೋಡುವುದನ್ನು ಕಲಿಯಿರಿ

ಮೊದಲ ಸಲ ಸುಮ್ನೆ ನೋಡಿ. ಪೆನ್ನು ಮುಟ್ಟಬೇಡಿ. ಅಳು ಬಂದರೆ ಅಳಿ, ಬೇಜಾರಾದರೆ ಬೇಜಾರಾಯಿತು ಅಂತ ಗುರುತು ಇಟ್ಟುಕೊಳ್ಳಿ. ಮುಗಿದ ಮೇಲೆ ಮನಸ್ಸಿನಲ್ಲಿ ಉಳಿದ ಮೂರು ಚಿತ್ರಗಳನ್ನು ಬರೆಯಿರಿ. ಕಥೆ ಬರೆಯಬೇಡಿ, ಚಿತ್ರಗಳನ್ನು ಬರೆಯಿರಿ.

ಎರಡನೇ ಸಲ ಕೆಲಸದ ನೋಟ. ಇಡೀ ಸಿನಿಮಾ ಬೇಡ, ನಿಮ್ಮನ್ನು ಹಿಡಿದು ನಿಲ್ಲಿಸಿದ ಐದು ನಿಮಿಷ ಆರಿಸಿಕೊಳ್ಳಿ. ಪ್ರತಿ ಶಾಟಿಗೂ ಒಂದೊಂದು ಸಾಲು ಬರೆಯಿರಿ:

ಶಾಟ್ ಎಷ್ಟು ಸೆಕೆಂಡ್ ಇತ್ತು.
ಕ್ಯಾಮೆರಾ ಹತ್ತಿರವೋ ದೂರವೋ. ಮುಖ ಮಾತ್ರ ಕಂಡರೆ ಕ್ಲೋಸಪ್, ಇಡೀ ಆಳು ಮತ್ತು ಸುತ್ತಲ ಜಾಗ ಕಂಡರೆ ಲಾಂಗ್ ಶಾಟ್, ನಡುವಿನದು ಮಿಡ್ ಶಾಟ್.
ಕ್ಯಾಮೆರಾ ಯಾರ ಎತ್ತರದಲ್ಲಿದೆ. ನಿಂತವರದ್ದೋ, ಕೂತವರದ್ದೋ, ಮಗುವಿನದ್ದೋ.
ಅಲುಗಿತೋ ಇಲ್ಲವೋ.
ಏನು ಕೇಳಿಸಿತು. ಮಾತು, ಸಂಗೀತ, ಬೇರೆ ಸದ್ದು.

ಇದಕ್ಕೆ ಶಾಟ್ ಲಾಗ್ ಅನ್ನುತ್ತಾರೆ. ಮೊದಲ ಸಲ ಐದು ನಿಮಿಷದ ಸಿನಿಮಾಕ್ಕೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಬೇಸರ ಆಗುತ್ತದೆ, ಆದರೂ ಬಿಡಬೇಡಿ. ಈ ಲೇಖನದಲ್ಲಿ ನೀವು ಒಂದೇ ಒಂದು ವಿಷಯ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೂರು ನಾಲ್ಕು ಲಾಗ್ ಬರೆಯುವಷ್ಟರಲ್ಲಿ ಕಣ್ಣು ತಾನೇ ಕಟ್ ಹಿಡಿಯಲು ಶುರು ಮಾಡುತ್ತದೆ.

ಎರಡು ತಪ್ಪು ಬೇಡ. ಸ್ಪೀಡ್ ಜಾಸ್ತಿ ಮಾಡಿ ನೋಡಬೇಡಿ. ನಿರ್ದೇಶಕ ಎಂಟು ಸೆಕೆಂಡ್ ಮೌನ ಇಟ್ಟಿದ್ದರೆ ಅದು ಎಂಟು ಸೆಕೆಂಡೇ ಆಗಿರಬೇಕು. ಇನ್ನೊಂದು, ಸಿನಿಮಾ ನೋಡುವ ಮುಂಚೆ ಅದರ 'ವಿವರಣೆ' ವಿಡಿಯೊ ನೋಡಬೇಡಿ. ಬೇರೆಯವರು ಕಂಡದ್ದೇ ನಿಮಗೂ ಕಾಣುತ್ತದೆ, ನಿಮ್ಮದು ಅಂತ ಏನೂ ಉಳಿಯುವುದಿಲ್ಲ. ನಿಮ್ಮ ಟಿಪ್ಪಣಿ ಮುಗಿದ ಮೇಲೆ ಎಷ್ಟು ಬೇಕಾದರೂ ನೋಡಿ.

ಹಂತ 3: ಮಗುವಿನ ಕಣ್ಣಿನಿಂದ ನೋಡಿದ ಚಿತ್ರಗಳು

ಇದು ಎಲ್ಲಕ್ಕಿಂತ ಉದ್ದದ ಹಂತ. ಐದಾರು ವಾರ ಕೊಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಯಾಕೆ ಮಗು? ಮಗುವಿಗೆ ಎಲ್ಲ ಕಾಣುತ್ತದೆ, ಎಲ್ಲ ಅರ್ಥವಾಗುವುದಿಲ್ಲ. ದೊಡ್ಡವರು ಅದರ ಎದುರು ಪೂರ್ತಿ ಮಾತಾಡುವುದಿಲ್ಲ. ಹಾಗಾಗಿ ನಿರ್ದೇಶಕ ಮಾತಿನ ಬದಲು ನೋಟದಲ್ಲೇ ಹೇಳಬೇಕಾಗುತ್ತದೆ. ಯಾರ ಕಣ್ಣಿನಿಂದ ಕಥೆ ಕಾಣುತ್ತಿದೆ ಅನ್ನುವುದಕ್ಕೆ ಸಿನಿಮಾದವರು ಪಾಯಿಂಟ್ ಆಫ್ ವ್ಯೂ ಅನ್ನುತ್ತಾರೆ. ಅದನ್ನು ಕಲಿಯಲು ಈ ಚಿತ್ರಗಳೇ ಸರಿ.

'ಘಟಶ್ರಾದ್ಧ' (1977) ಮೊದಲು. ಯು.ಆರ್. ಅನಂತಮೂರ್ತಿಯವರ ಕಥೆ. ಪುಣೆಯಲ್ಲಿ ಸಿನಿಮಾ ಓದಿ ಬಂದ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಬಿ.ವಿ. ಕಾರಂತ. ನಾಣಿ ಎಂಬ ಹುಡುಗ ಮಲೆನಾಡಿನ ಅಗ್ರಹಾರದ ವೇದಪಾಠಶಾಲೆಗೆ ಬಂದು ಸೇರುತ್ತಾನೆ. ಅಲ್ಲಿ ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು ಗುರುಗಳ ಮಗಳು ಯಮುನಾ, ಚಿಕ್ಕ ವಯಸ್ಸಿನ ವಿಧವೆ. ಅವಳು ಬಸುರಿಯಾಗುತ್ತಾಳೆ. ಊರು ಅವಳನ್ನು ಬದುಕಿದ್ದಂತೆಯೇ ಸತ್ತವಳ ಲೆಕ್ಕಕ್ಕೆ ಸೇರಿಸಿ ಹೊರಗೆ ಹಾಕುತ್ತದೆ. ಹುಡುಗ ಇದೆಲ್ಲವನ್ನೂ ಪಕ್ಕದಲ್ಲೇ ನಿಂತು ನೋಡುತ್ತಾನೆ.

ನಿಮ್ಮ ಕೆಲಸ: ನಾಣಿ ಇಲ್ಲದ ಸೀನ್‌ಗಳು ಯಾವುವು, ಎಲ್ಲಿ ಬರುತ್ತವೆ ಅಂತ ಗುರುತು ಹಾಕಿ. ನಾಣಿ ಬಾಗಿಲ ಹಿಂದೆ, ಕಂಬದ ಮರೆಯಲ್ಲಿ, ಕತ್ತಲಲ್ಲಿ ನಿಂತಾಗ ಕ್ಯಾಮೆರಾ ಅವನ ಜೊತೆ ನಿಲ್ಲುತ್ತದೋ, ಅವನನ್ನು ದಾಟಿ ಮುಂದೆ ಹೋಗುತ್ತದೋ? ಕೊನೆಯ ಶಾಟ್‌ಗಳನ್ನು ಮಾತ್ರ ಮೂರು ಸಲ ನೋಡಿ. ಅಲ್ಲಿ ಹೆಚ್ಚು ಮಾತಿಲ್ಲ. ತಲೆ ಬೋಳಿಸಿಕೊಂಡು ಒಬ್ಬಳೇ ಕೂತ ಯಮುನಾ, ಅಪ್ಪನ ಜೊತೆ ಊರು ಬಿಟ್ಟು ಹೋಗುವ ಹುಡುಗ. ಅಷ್ಟರಲ್ಲಿ ಇಡೀ ಊರಿನ ಮೇಲೆ ಸಿಟ್ಟು ಬರುವ ಹಾಗೆ ಹೇಗೆ ಆಯಿತು? ಉತ್ತರ ದೂರದಲ್ಲಿದೆ, ಅಂದರೆ ಕ್ಯಾಮೆರಾ ಮತ್ತು ಅವಳ ನಡುವಿನ ದೂರದಲ್ಲಿ.

ಈ ಚಿತ್ರದ ಹಳೆಯ ಪ್ರತಿಗಳು ಮಬ್ಬಾಗಿವೆ. ಆದರೆ ಇದನ್ನು ಹೊಸದಾಗಿ ಸಂಸ್ಕರಿಸಿ, ಅಂದರೆ ಹಳೆ ರೀಲುಗಳನ್ನು ತೊಳೆದು, ಗೀರು ತೆಗೆದು, ಉತ್ತಮ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪ್ರದರ್ಶನ ಇದ್ದರೆ ಬಸ್ಸು ಹತ್ತಿ ಹೋಗಿ ನೋಡಿ. ಖರ್ಚು ದಂಡವಾಗುವುದಿಲ್ಲ.

ಎರಡನೆಯದು 'ಕಾಡು' (1973). ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಕಾರ್ನಾಡರ ನಿರ್ದೇಶನ, ಗೋವಿಂದ ನಿಹಲಾನಿ ಕ್ಯಾಮೆರಾ. ಇಲ್ಲೂ ಕಿಟ್ಟಿ ಎಂಬ ಹುಡುಗ, ಇಲ್ಲೂ ದೊಡ್ಡವರ ಜಗಳ. ಆದರೆ ಘಟಶ್ರಾದ್ಧದ ಬಿಗಿ ಮೌನ ಇಲ್ಲಿಲ್ಲ, ಹಿಂಸೆ ಇದೆ. ಎರಡು ಹುಡುಗರ ನೋಟದಲ್ಲಿ ಏನು ವ್ಯತ್ಯಾಸ ಅಂತ ಒಂದು ಪುಟ ಬರೆಯಿರಿ.

ಈಗ ಹೊರಗೆ ಹೋಗಬಹುದು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955). ಬೆಳೆದ ಅಪು ನಮಗೆ ಮೊದಲು ಕಾಣುವುದು ಹೇಗೆ ಗೊತ್ತಾ? ಮುಸುಕು ಹಾಕಿ ಮಲಗಿದ ತಮ್ಮನನ್ನು ಅಕ್ಕ ದುರ್ಗಾ ಎಬ್ಬಿಸುತ್ತಾಳೆ. ಹೊದಿಕೆಯ ತೂತಿನಲ್ಲಿ ಮೊದಲು ಒಂದು ಕಣ್ಣು ಕಾಣುತ್ತದೆ. ಇನ್ನು ಮುಂದೆ ಈ ಕಣ್ಣಿನಿಂದ ನೋಡಿ ಅಂತ ನಿರ್ದೇಶಕ ಒಂದು ಮಾತೂ ಆಡದೆ ಹೇಳಿಬಿಟ್ಟರು. ಹೂಬಿಟ್ಟ ಎತ್ತರದ ಹುಲ್ಲಿನ ನಡುವೆ ಅಕ್ಕ ತಮ್ಮ ರೈಲು ನೋಡುವ ಸೀನ್ ಶಾಟ್ ಲಾಗ್ ಮಾಡಲು ಬಹಳ ಒಳ್ಳೆಯದು. ರೈಲು ಬರುವ ಮುಂಚೆ ಟೆಲಿಗ್ರಾಫ್ ಕಂಬದ ಗುಂಯ್ ಅನ್ನುವ ಸದ್ದು ಬರುತ್ತದೆ, ಕಿವಿ ಕೊಡಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೂ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ದುಡ್ಡು ಮುಗಿದು ಶೂಟಿಂಗ್ ನಿಂತು ನಿಂತು ಸಾಗಿ, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟ ಮೇಲೆ ಮುಗಿದ ಚಿತ್ರ ಇದು.

ರಾಯ್ 1950ರಲ್ಲಿ ಲಂಡನ್ನಿನಲ್ಲಿದ್ದಾಗ ಒಂದು ಇಟಾಲಿಯನ್ ಚಿತ್ರ ನೋಡಿ, ತಾನೂ ಸ್ಟುಡಿಯೊ ಬಿಟ್ಟು ನಿಜವಾದ ಜಾಗಗಳಲ್ಲಿ, ನಟರಲ್ಲದವರನ್ನೂ ಇಟ್ಟುಕೊಂಡು ಚಿತ್ರ ಮಾಡಬಹುದು ಅಂತ ಗಟ್ಟಿ ಮಾಡಿಕೊಂಡರು. ಅದೇ ನಿಮ್ಮ ಮುಂದಿನ ಚಿತ್ರ, ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948). ಯುದ್ಧ ಮುಗಿದ ರೋಮ್ ನಗರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದವನ ಸೈಕಲ್ ಕಳುವಾಗುತ್ತದೆ. ಅಪ್ಪ ಮಗ ಹುಡುಕುತ್ತಾ ಊರೆಲ್ಲ ಅಲೆಯುತ್ತಾರೆ. ಅಪ್ಪನ ಪಾತ್ರ ಮಾಡಿದ ಲಾಂಬರ್ಟೊ ಮಜೊರಾನಿ ನಟನಲ್ಲ, ಕಾರ್ಖಾನೆ ಕೆಲಸಗಾರ. ಮಗ ಬ್ರೂನೊನ ಮೇಲೆ ಕಣ್ಣಿಡಿ. ಅಪ್ಪನ ಹೆಜ್ಜೆಗೆ ಅವನು ಹೆಜ್ಜೆ ಹಾಕಲು ಪಡುವ ಪಾಡು, ನಡುನಡುವೆ ತಲೆ ಎತ್ತಿ ಅಪ್ಪನ ಮುಖ ನೋಡುವುದು. ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಅದನ್ನು ಮಗ ನೋಡುತ್ತಾನೆ. ಮಗ ನೋಡದೇ ಇದ್ದಿದ್ದರೆ ಆ ಸೀನ್ ಏನಾಗುತ್ತಿತ್ತು? ಇದಕ್ಕೆ ಉತ್ತರ ಬರೆಯಿರಿ. ಪಾಯಿಂಟ್ ಆಫ್ ವ್ಯೂ ಅಂದರೆ ಏನು ಅಂತ ಆಮೇಲೆ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಟೈಮ್ ಇದ್ದರೆ ಇನ್ನೆರಡು. ಫ್ರಾನ್ಸ್‌ನ ತ್ರುಫೊ ಅವರ 'ದಿ 400 ಬ್ಲೋಸ್' (1959), ಇರಾನಿನ ಕಿಯರೊಸ್ತಮಿ ಅವರ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' (1987). ಎರಡನೆಯದರಲ್ಲಿ ಒಬ್ಬ ಹುಡುಗ ಗೆಳೆಯನ ನೋಟ್‌ಬುಕ್ ತಪ್ಪಿ ತಂದುಬಿಟ್ಟಿರುತ್ತಾನೆ. ಅದನ್ನು ಕೊಡಲು ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ಅಷ್ಟೇ ಕಥೆ. ಇಷ್ಟು ಸಣ್ಣ ಕಥೆಯಲ್ಲಿ ಎದೆ ಡವಗುಟ್ಟುವ ಹಾಗೆ ಮಾಡಲು ಸಾಧ್ಯವಾದರೆ, ನಿಮ್ಮ ಮೊದಲ ಕಿರುಚಿತ್ರಕ್ಕೆ ಕೊಲೆ, ದೆವ್ವ ಏನೂ ಬೇಡ ಅಲ್ವಾ?

ಹಂತ 4: ಮಾತಿಲ್ಲದ ಚಿತ್ರಗಳು

ಎರಡು ಸಾಕು. ಚಾಪ್ಲಿನ್ ಅವರ 'ಸಿಟಿ ಲೈಟ್ಸ್' (1931), ಐಸೆನ್‌ಸ್ಟೈನ್ ಅವರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' (1925).

'ಸಿಟಿ ಲೈಟ್ಸ್' ಬಂದಾಗ ಮಾತಿನ ಚಿತ್ರಗಳು ಆಗಲೇ ಬಂದಾಗಿತ್ತು. ಚಾಪ್ಲಿನ್ ಬೇಕೆಂತಲೇ ಮಾತು ಬಿಟ್ಟರು. ಹೂ ಮಾರುವ ಕುರುಡು ಹುಡುಗಿ ಬಡ ಅಲೆಮಾರಿಯನ್ನು ಶ್ರೀಮಂತ ಅಂತ ತಪ್ಪು ತಿಳಿಯಬೇಕು. ಕಣ್ಣು ಕಾಣದವಳು ಹೇಗೆ ಹಾಗೆ ತಿಳಿಯುತ್ತಾಳೆ? ಅದನ್ನು ಮಾತಿಲ್ಲದ ಚಿತ್ರದಲ್ಲಿ ಹೇಗೆ ತೋರಿಸುವುದು? ಅವರು ಹುಡುಕಿದ ದಾರಿ ಕಾರಿನ ಬಾಗಿಲು. ನೋಡುವ ಮುಂಚೆ ನೀವೇ ಒಂದು ದಾರಿ ಯೋಚಿಸಿ ಬರೆದಿಡಿ, ಆಮೇಲೆ ಅವರದ್ದು ನೋಡಿ.

'ಪೊಟೆಮ್ಕಿನ್'ನಲ್ಲಿ ಒಡೆಸ್ಸಾ ಮೆಟ್ಟಿಲುಗಳ ಸೀನ್ ಎಲ್ಲರೂ ಹೇಳುವುದೇ. ಅದನ್ನು ಲಾಗ್ ಮಾಡಿ. ಶಾಟ್‌ಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಹೊಸ ಅರ್ಥ ಹುಟ್ಟಿಸುವುದಕ್ಕೆ ಮಾಂಟಾಜ್ ಅನ್ನುತ್ತಾರೆ. ಇದೇ ಕಾಲದ ರಷ್ಯಾದಲ್ಲಿ ಕುಲೆಶೊವ್ ಎಂಬ ನಿರ್ದೇಶಕ ಒಬ್ಬ ನಟನ ಒಂದೇ ಭಾವದ ಮುಖವನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿದ. ಸೂಪಿನ ಬಟ್ಟಲ ಪಕ್ಕ ಇಟ್ಟರೆ ಜನರಿಗೆ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ ಕಂಡಿತು. ನಿಮ್ಮ ಮೊಬೈಲಿನಲ್ಲೇ ಇದನ್ನು ಮಾಡಿ ನೋಡಬಹುದು. ಗೆಳೆಯನ ಮುಖ ಹತ್ತು ಸೆಕೆಂಡ್, ಭಾವ ಏನೂ ಇಲ್ಲದೆ. ಆಮೇಲೆ ಅದರ ಪಕ್ಕ ಒಂದು ಸಲ ಬಿಸಿ ಅಕ್ಕಿರೊಟ್ಟಿಯ ಶಾಟ್, ಇನ್ನೊಂದು ಸಲ ಬೀಗ ಹಾಕಿದ ಮನೆಯ ಶಾಟ್.

ಹಂತ 5: ಬೆಳಕು

ಕ್ಯಾಮೆರಾ ಕಲಿಯಬೇಕು ಅನ್ನುವವರು ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ.

ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಕಲಿತು ಬೊಂಬಾಯಿಗೆ ಹೋದವರು. ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಅವರ ಕೈಚಳಕ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ಪರದೆ ಬಹಳ ಅಗಲವಾಗಿರುವ ಮಾದರಿ. ಖಾಲಿ ಸ್ಟುಡಿಯೊದ ಕತ್ತಲಲ್ಲಿ ಬೆಳಕಿನ ಒಂದು ಕೋಲು ಮೇಲಿನಿಂದ ಇಳಿಯುವ ಹಾಡು ಇದೆಯಲ್ಲ, ಅದಕ್ಕೆ ಮೂರ್ತಿ ಬಳಸಿದ್ದು ದೊಡ್ಡ ಕನ್ನಡಿಗಳಿಂದ ತಿರುಗಿಸಿದ ಸೂರ್ಯನ ಬೆಳಕು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. 'ಕಾಡು' ಚಿತ್ರದ ನಿಹಲಾನಿ ಕಲಿತದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ.

ಸುಬ್ರತ ಮಿತ್ರ ಮಾಡಿದ್ದು ಇದಕ್ಕೆ ತಿರುಗಾ. ರಾಯ್ ಅವರ 'ಅಪರಾಜಿತೊ'ಗೆ (1956) ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಿದ್ದರು. ತೆರೆದ ಅಂಗಳಕ್ಕೆ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಬೇಕಿತ್ತು. ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಲೈಟುಗಳನ್ನು ಅದರ ಕಡೆ ತಿರುಗಿಸಿ, ಬಟ್ಟೆಯಿಂದ ವಾಪಸ್ ಬಿದ್ದ ಮೆದು ಬೆಳಕಿನಲ್ಲಿ ಶೂಟ್ ಮಾಡಿದರು. ಇದೇ ಬೌನ್ಸ್ ಲೈಟಿಂಗ್.

ಮೂರನೆಯದು ಕುರೊಸಾವಾ ಅವರ 'ರಾಶೊಮೊನ್' (1950). ದಟ್ಟ ಕಾಡಿನೊಳಗೆ ಬೆಳಕು ಸಾಲದೆ ಛಾಯಾಗ್ರಾಹಕ ಮಿಯಾಗಾವಾ ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಂದರು, ಕ್ಯಾಮೆರಾವನ್ನು ನೇರ ಸೂರ್ಯನ ಕಡೆಗೇ ತಿರುಗಿಸಿದರು. ಒಂದೇ ಘಟನೆಯನ್ನು ಬೇರೆ ಬೇರೆಯವರು ಬೇರೆ ಬೇರೆಯಾಗಿ ಹೇಳುವ ಕಥೆಗೆ ಮುಖದ ಮೇಲೆ ಅಲುಗಾಡುವ ಎಲೆಗಳ ನೆರಳು ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಅಭ್ಯಾಸಕ್ಕೆ ನಮ್ಮ ಕಾಫಿ ತೋಟವೇ ಸಾಕು. ಡಿಸೆಂಬರ್ ಬಿಸಿಲಿನಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸಿಲ್ವರ್ ಓಕ್ ನೆರಳಿನ ಕೆಳಗೆ ಗೆಳೆಯನನ್ನು ನಿಲ್ಲಿಸಿ. ಬರೀ ನೆರಳಿನಲ್ಲಿ ಒಂದು ಶಾಟ್. ಮುಖ ನೋಡಿಕೊಳ್ಳುವ ಕನ್ನಡಿಯಿಂದ ಮುಖದ ಪಕ್ಕಕ್ಕೆ ಬೆಳಕು ಹಾಯಿಸಿ ಇನ್ನೊಂದು. ಬಿಳಿ ಪಂಚೆ ಹಿಡಿದು ಮೂರನೆಯದು. ಕನ್ನಡಿ ಬೆಳಕು ನೇರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ತೋಟದವರ ಅನುಮತಿ ಕೇಳಿಯೇ ಒಳಗೆ ಹೋಗಿ.

ಹಂತ 6: ಕಣ್ಣು ಮುಚ್ಚಿ ಕೇಳಿ

ರಿತ್ವಿಕ್ ಘಟಕ್ ಅವರ 'ಮೇಘೇ ಢಾಕಾ ತಾರಾ' (1960). ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ಕುಟುಂಬವನ್ನು ಒಬ್ಬಳೇ ಹೊತ್ತು ಸವೆಯುವ ನೀತಾಳ ಕಥೆ. ನಡುವೆ ಒಂದು ಕಡೆ, ಕಾಣುವ ಚಿತ್ರಕ್ಕೆ ಸಂಬಂಧವೇ ಇಲ್ಲದ ಚಾಟಿ ಏಟಿನ ಸದ್ದು ಬರುತ್ತದೆ. ಎಲ್ಲಿ ಬರುತ್ತದೆ, ಅವಳಿಗೆ ಆ ಹೊತ್ತಿನಲ್ಲಿ ಏನಾಯಿತು ಅಂತ ಬರೆಯಿರಿ. ಜೊತೆಗೆ 'ಪಥೇರ್ ಪಾಂಚಾಲಿ'ಗೆ ಒಂದು ಸಲ ವಾಪಸ್ ಹೋಗಿ. ಊರಿಗೆ ಮರಳಿದ ಅಪ್ಪನ ಎದುರು ತಾಯಿ ಕುಸಿದು ಅಳುವಾಗ ನಮಗೆ ಅವಳ ದನಿ ಕೇಳುವುದಿಲ್ಲ, ತಾರ್ ಶೆಹನಾಯಿ ಎಂಬ ವಾದ್ಯ ಕೇಳುತ್ತದೆ. ಮೊದಲ ಸಲ ನೋಡಿದಾಗ ಅಳು ಕೇಳಿದೆ ಅಂತಲೇ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಇಯರ್‌ಫೋನ್ ಇಲ್ಲದೆ ಈ ಹಂತ ಮಾಡಬೇಡಿ.

ಹಂತ 7: ಜಾಗ ನೋಡಲು ಹೋಗಿ

ಇದು ಬೆಂಗಳೂರಿನವರಿಗಿಂತ ನಿಮಗೆ ಸುಲಭ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' (1970) ನೋಡಿ. ಸೆನ್ಸಾರ್ ಮಂಡಳಿ ಮೊದಲು ತಡೆದು, ಆಮೇಲೆ ಬಿಟ್ಟ ಚಿತ್ರ. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದದ್ದು ಇದೇ. ಶೂಟಿಂಗ್ ನಡೆದದ್ದು ಚಿಕ್ಕಮಗಳೂರು ಜಿಲ್ಲೆಯಲ್ಲೇ, ಶೃಂಗೇರಿ ಕಡೆಯ ವೈಕುಂಠಪುರದಲ್ಲಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಕನ್ನಡ ಬಾರದವರು. ಹೊರಗಿನವರ ಕಣ್ಣಿಗೆ ನಮ್ಮ ಅಗ್ರಹಾರದ ಬೀದಿ, ಜಗಲಿ, ಹೊಳೆ ಹೇಗೆ ಕಂಡಿತು?

ನೋಡಿದ ಮೇಲೆ ನಿಮ್ಮ ಹತ್ತಿರದ ಯಾವುದಾದರೂ ಹಳೆ ಬೀದಿಗೆ ಹೋಗಿ. ಹತ್ತು ಫೋಟೊ ಮಾತ್ರ ತೆಗೆಯಿರಿ. ಜನ ಇಲ್ಲದ ಫೋಟೊ, ಆದರೆ ಅಲ್ಲಿನ ಜನ ಎಂಥವರು ಅಂತ ಗೊತ್ತಾಗುವ ಹಾಗೆ. ಸಿನಿಮಾದವರ ಮಾತಿನಲ್ಲಿ ಇದು ಲೊಕೇಶನ್ ನೋಡುವುದು. ಬೇಲೂರು, ಹಳೇಬೀಡು ಈ ಅಭ್ಯಾಸಕ್ಕೆ ಬೇಡ. ಅಲ್ಲಿ ಎಲ್ಲಿ ಕ್ಯಾಮೆರಾ ಇಟ್ಟರೂ ಚೆಂದವೇ, ನೀವು ಆರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಹಂತ 8: ಈಗ ದೊಡ್ಡ ಹೆಸರುಗಳು

ಇಷ್ಟು ಮುಗಿಸಿ ಬಂದವರಿಗೆ 'ಸಿಟಿಜನ್ ಕೇನ್' (1941) ಬೇರೆಯೇ ಸಿನಿಮಾ ಆಗಿ ಕಾಣುತ್ತದೆ. ಮನೆಯೊಳಗೆ ತಾಯಿ ಕಾಗದಕ್ಕೆ ಸಹಿ ಹಾಕುತ್ತಿರುವಾಗ, ಹಿಂದೆ ಕಿಟಕಿಯಾಚೆ ಹಿಮದಲ್ಲಿ ಹುಡುಗ ಆಡುತ್ತಿರುವ ಸೀನ್ ಹುಡುಕಿ. ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದಕ್ಕೆ ಡೀಪ್ ಫೋಕಸ್ ಅನ್ನುತ್ತಾರೆ. ಹುಡುಗನ ಬದುಕನ್ನು ಒಳಗೆ ತೀರ್ಮಾನ ಮಾಡುತ್ತಿದ್ದಾರೆ, ಅವನಿಗೆ ಗೊತ್ತಿಲ್ಲ. ಮೂರನೇ ಹಂತದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಓಜು ಅವರ 'ಟೋಕಿಯೊ ಸ್ಟೋರಿ' (1953) ಅವಸರದಲ್ಲಿ ನೋಡುವ ಚಿತ್ರ ಅಲ್ಲ. ಕ್ಯಾಮೆರಾ ನೆಲದ ಮೇಲೆ ಕೂತವರ ಎತ್ತರಕ್ಕಿಂತ ಮೇಲೆ ಬಹಳ ಸಲ ಏಳುವುದೇ ಇಲ್ಲ. ಕುರೊಸಾವಾ ಅವರ 'ಸೆವೆನ್ ಸಮುರಾಯ್' (1954) ನೋಡಿದ ಮರುವಾರ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ನೋಡಿ. ಶಂಕರ್ ನಾಗ್ ಅವರ ಮೊದಲ ಚಿತ್ರ. ಕುರೊಸಾವಾರಿಂದ ಏನು ತೆಗೆದುಕೊಂಡರು, ನಮ್ಮ ನೆಲಕ್ಕೆ ಅದನ್ನು ಹೇಗೆ ಇಳಿಸಿದರು ಅನ್ನುವುದು ಒಂದು ಒಳ್ಳೆಯ ಪ್ರಬಂಧದ ವಿಷಯ. ಹೆಂಗಸರ ಕಥೆಯನ್ನು ಹೆಂಗಸೇ ನಿರ್ದೇಶಿಸಿದರೆ ಏನಾಗುತ್ತದೆ ಅಂತ ನೋಡಲು ಪ್ರೇಮಾ ಕಾರಂತರ 'ಫಣಿಯಮ್ಮ' (1983) ಬಿಡಬೇಡಿ. ಎಂ.ಕೆ. ಇಂದಿರಾ ಅವರ ಕಾದಂಬರಿ. 'ಘಟಶ್ರಾದ್ಧ'ದ ಯಮುನಾಳನ್ನು ನೆನಪಿಟ್ಟುಕೊಂಡು ನೋಡಿ.

ಹಂತ 9: ಗುಂಪು ಕಟ್ಟಿ, ಆಮೇಲೆ ಅರ್ಜಿ ಹಾಕಿ

ಒಬ್ಬರೇ ನೋಡಿದರೆ ನಿಮ್ಮ ಅಭಿಪ್ರಾಯಕ್ಕೆ ಎದುರು ಹೇಳುವವರು ಇರುವುದಿಲ್ಲ. ನಾಲ್ಕೈದು ಜನ ಸೇರಿ. ಕಾಲೇಜಿನ ಕನ್ನಡ ಅಥವಾ ಪತ್ರಿಕೋದ್ಯಮ ವಿಭಾಗದ ಮೇಷ್ಟ್ರನ್ನು ಕೇಳಿ, ಶನಿವಾರ ಮಧ್ಯಾಹ್ನ ಒಂದು ರೂಮು, ಒಂದು ಪ್ರೊಜೆಕ್ಟರ್ ಸಿಗಬಹುದು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಪ್ರಪಂಚದ ಚಿತ್ರಗಳನ್ನು ಹಳ್ಳಿಯ ರೈತರಿಗೆ ತೋರಿಸಿದರು, ಅದೂ ರೀಲು ಡಬ್ಬ ಹೊತ್ತು ತರಬೇಕಾಗಿದ್ದ ಕಾಲದಲ್ಲಿ. ವರ್ಷಕ್ಕೊಮ್ಮೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. ಹಾಸನದಿಂದ ಬೆಳಗಿನ ರೈಲು ಹಿಡಿದು ಹೋಗಿ, ಒಂದೆರಡು ದಿನವಾದರೂ ದೊಡ್ಡ ಪರದೆಯಲ್ಲಿ ನೋಡಿ ಬನ್ನಿ.

ಅರ್ಜಿ ವಿಚಾರ. ಪುಣೆಯ ಎಫ್‌ಟಿಐಐ (ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಜಾಗದಲ್ಲಿ ಶುರುವಾದದ್ದು) ಮತ್ತು ಕೋಲ್ಕತ್ತದ ಸತ್ಯಜಿತ್ ರಾಯ್ ಇನ್‌ಸ್ಟಿಟ್ಯೂಟ್‌ಗಳ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಕೋರ್ಸುಗಳಿಗೆ ಡಿಗ್ರಿ ಆಗಿರಬೇಕು. ಪ್ರವೇಶ ಪರೀಕ್ಷೆ ಇರುತ್ತದೆ, ಆಮೇಲೆ ಸಂದರ್ಶನ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಮೂರ್ತಿ, ನಿಹಲಾನಿ ಕಲಿತ ಪಾಲಿಟೆಕ್ನಿಕ್ ಕೋರ್ಸಿನ ಮುಂದುವರಿಕೆ ಅದು. ಅರ್ಹತೆ, ಫೀಸು, ದಿನಾಂಕ ವರ್ಷ ವರ್ಷ ಬದಲಾಗುತ್ತವೆ. ಸಂಸ್ಥೆಯ ಸ್ವಂತ ವೆಬ್‌ಸೈಟ್ ನೋಡಿಯೇ ಅರ್ಜಿ ಹಾಕಿ. ನಡುವೆ ನಿಂತು ಸೀಟು ಕೊಡಿಸುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಸಂದರ್ಶನದಲ್ಲಿ "ಇಷ್ಟದ ಸಿನಿಮಾ ಯಾವುದು" ಅಂತ ಕೇಳಿದರೆ ದೊಡ್ಡ ಹೆಸರು ಹೇಳಬೇಕಾಗಿಲ್ಲ. ನೀವು ಲಾಗ್ ಮಾಡಿದ ಸಿನಿಮಾ ಹೇಳಿ. ಅವರು ಮುಂದೆ ಕೇಳುವುದು "ಯಾಕೆ" ಅಂತ. ಆಗ ಒಂದು ಸೀನ್ ಹಿಡಿದು, ಕ್ಯಾಮೆರಾ ಎಲ್ಲಿತ್ತು, ಏನು ಕೇಳಿಸಿತು, ಕಟ್ ಎಲ್ಲಿ ಬಂತು ಅಂತ ಹೇಳಿ. ಆ ನೋಟ್‌ಬುಕ್ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ನೀಟಾಗಿ ನಕಲು ಮಾಡಬೇಕಾಗಿಲ್ಲ, ಗೀಚಿದ್ದು ಗೀಚಿದ ಹಾಗೇ ಇರಲಿ.